ಪೆನ್ಸಿಲ್ ಗುರುತು ಹಾಕಿದ ಜಾಗ

ಅಶೋಕಪುರಂ, ಮೈಸೂರು
13 ಫೆಬ್ರವರಿ 2025

ಸಂಘಮಿತ್ರ,

ಚಿರಂಜೀವಿ ಅಂತ ಬರೆದು ಶುರುಮಾಡಬೇಕಿತ್ತು. ಕೈ ಬರಲಿಲ್ಲ. ನಿನ್ನ ಮೇಲೆ ನನಗೆ ಇರುವ ಕೋಪಕ್ಕೆ ಆ ಪದ ಪಕ್ಕದಲ್ಲಿ ನಿಲ್ಲುವುದಿಲ್ಲ.

ಫೋನಿನಲ್ಲಿ ನಾನು ಬಾಯಿ ತೆಗೆದರೆ ಸಾಕು, 'ಅವ್ವ, ಸಿಗ್ನಲ್ ಇಲ್ಲ' ಅಂತ ಕಟ್ ಮಾಡುತ್ತೀಯ. ಬೈಯಲು ಶುರುಮಾಡಿದ ಗಳಿಗೆಗೆ ಸರಿಯಾಗಿ ಹೋಗುವ ಸಿಗ್ನಲ್ ಅದೆಂಥದೋ ನಾ ಕಾಣೆ. ಅದಕ್ಕೇ ಬರೆಯುತ್ತಿದ್ದೇನೆ. ಫೋಟೊ ತೆಗೆದು ವಾಟ್ಸಾಪಿಗೆ ಹಾಕುತ್ತೇನೆ, ಭಾನುವಾರ ನಿನ್ನ ಕೈಗೆ ಫೋನು ಕೊಟ್ಟಾಗ ಕೂತು ಪೂರ್ತಿ ಓದು. ನಾನು ಓದಿದ್ದು ಏಳನೇ ಕ್ಲಾಸಾದರೂ ಹದಿನಾಲ್ಕು ವರ್ಷದಿಂದ ಮಹಿಳಾ ಸಂಘದ ನಡಾವಳಿ ಪುಸ್ತಕ ಬರೆಯುತ್ತಿರುವವಳು. ಅಕ್ಷರ ಅರ್ಥವಾಗಲಿಲ್ಲ ಅನ್ನುವ ನೆಪ ಬೇಡ.

ಹೊರಡಲು ಮೂರು ದಿನ ಇರುವಾಗ ಹೆತ್ತವಳಿಗೆ ಹೇಳುವ ವಿಷಯವೇನೇ ಇದು? ಪಾಸ್‌ಪೋರ್ಟು ಮಾಡಿಸಿದ್ದು ಗೊತ್ತಿಲ್ಲ. ಸರಸ್ವತಿಪುರಂನಲ್ಲಿ ಆ ಏಜೆಂಟ್ ನಿರಂಜನ್ ಆಫೀಸಿಗೆ ನಾಲ್ಕು ಸಲ ಹೋಗಿ ಬಂದದ್ದು ಗೊತ್ತಿಲ್ಲ. ಬ್ಯಾಗು ಕಟ್ಟಿಟ್ಟುಕೊಂಡು 'ರಷ್ಯಾದಲ್ಲಿ ಕ್ಯಾಂಟೀನ್ ಕೆಲ್ಸ ಕಣವ್ವ, ಅಡುಗೆಮನೇಲಿ' ಅಂದೆ. ಅಲ್ಲಿ ಯುದ್ಧ ನಡೀತಾ ಐತಲ್ಲೇ ಅಂದರೆ, 'ಅದು ಬಾರ್ಡರಲ್ಲಿ, ನಾನಿರೋದು ಸಾವಿರ ಕಿಲೋಮೀಟ್ರು ದೂರ' ಅಂದೆ. ಕೆ.ಆರ್.ಎಸ್.ಗೆ ಪಿಕ್ನಿಕ್ ಹೊರಟವಳ ಹಾಗೆ ಹೇಳಿಬಿಟ್ಟೆ.

ಇಲ್ಲೇ ಮೈಸೂರಿನ ಹೆಬ್ಬಾಳದ ಆ ಫ್ಯಾಕ್ಟರಿಯವರು ನಿನಗೆ ಮಾಡಿದ್ದು ಅನ್ಯಾಯ, ಒಪ್ಪುತ್ತೇನೆ. ನಾಲ್ಕು ವರ್ಷ ಕೂರಿಸಿಕೊಂಡು ಟಿವಿ ರಿಮೋಟಿನ ಬೋರ್ಡಿಗೆ ಬೆಸುಗೆ ಹಾಕಿಸಿದರು. ಹನ್ನೊಂದು ತಿಂಗಳಾಗುತ್ತಲೇ ರಾಜೀನಾಮೆ ಬರೆಸಿ, ಒಂದು ವಾರ ಮನೆಗೆ ಕಳಿಸಿ, ಆಮೇಲೆ ಹೊಸಬಳು ಅಂತ ಮತ್ತೆ ಸೇರಿಸಿಕೊಂಡರು. ಕಾಯಂ ಮಾಡಬಾರದಲ್ಲ, ಅದಕ್ಕೆ. ಕಂಟ್ರಾಕ್ಟರು ಕಾಗದದ ಮೇಲೆ ಪೆನ್ಸಿಲಿನಲ್ಲಿ ಇಂಟು ಗುರುತು ಹಾಕಿ ಕೊಡುತ್ತಿದ್ದ, ನೀವು ಸಾಲಾಗಿ ನಿಂತು ಆ ಗುರುತಿನ ಮೇಲೆ ಸಹಿ ಹಾಕಿ ಬರುತ್ತಿದ್ದಿರಿ. ಏನು ಬರೆದಿತ್ತೇ ಅಂತ ಕೇಳಿದರೆ, 'ಓದ್ತಾ ಕೂತ್ರೆ ಹಿಂದಿರೋಳು ಮುಂದೆ ಬಂದ್ಬುಡ್ತಾಳೆ ಕಣವ್ವ' ಅನ್ನುತ್ತಿದ್ದೆ. ಕೊನೆಗೆ ಐದನೇ ಸಲ ಕರೆಯಲೇ ಇಲ್ಲ. ಆ ಉರಿ ನನಗೂ ಇದೆ. ಉರಿ ಇದೆ ಅಂತ ಯುದ್ಧದ ದೇಶಕ್ಕೆ ಹೋಗಿ ಕೂರುತ್ತಾರಾ?

ಗೋಕುಲಂ ಮನೆಯ ಪಂಕಜಮ್ಮನವರು ನಿನ್ನೆ ಕೆಳಗಿನ ಬಾಗಿಲಲ್ಲೇ ನಿಲ್ಲಿಸಿಕೊಂಡು, 'ಮಂಚಮ್ಮ, ಮಗಳು ಫಾರಿನ್ ಅಂತೆ, ಇನ್ನು ನೀನು ನಮ್ಮನೆ ಕೆಲಸ ಬಿಟ್ಟುಬಿಡ್ತೀಯೇನಮ್ಮ' ಅಂತ ನಕ್ಕರು. ಹನ್ನೆರಡು ವರ್ಷದಿಂದ ಅವರ ಮಹಡಿಯಲ್ಲಿ ಬಾಡಿಗೆಗಿರುವ, ಯೋಗ ಕಲಿಯಲು ಬರುವ ಫಾರಿನ್ನರಿಗೆ ಅಡುಗೆ ಮಾಡುತ್ತಿದ್ದೇನೆ. ಕೆಳಗಿನ ಅಡುಗೆಮನೆಯ ಹೊಸಿಲು ಇವತ್ತಿಗೂ ದಾಟಿಲ್ಲ, ದಾಟಿಸಿಲ್ಲ. ಅವರ ನಗೆ ನೋಡಿ ಮೈಯೆಲ್ಲ ಉರಿದುಹೋಯಿತು.

ಮೇಲೆ ಈಗ ಒಬ್ಬ ರಷ್ಯಾದವನೇ ಇದ್ದಾನೆ, ಅಂತೋನ್ ಅಂತ. ಅವನ ದೇಶದಲ್ಲಿ ಗಂಡಸರನ್ನು ಹಿಡಿದು ಸೈನ್ಯಕ್ಕೆ ಹಾಕಲು ಶುರುಮಾಡಿದಾಗ ಓಡಿಬಂದವನು. ಅವನು ಬಿಟ್ಟು ಓಡಿಬಂದ ಕಡೆಗೆ ನೀನು ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ಹೋಗಿದ್ದೀಯ. ಇದನ್ನು ಯಾರಿಗೆ ಹೇಳಲಿ?

ಉತ್ತರ ಬರಿ. ನಿಜ ಬರಿ.

ನಿನ್ನ ಅವ್ವ,
ಮಂಚಮ್ಮ

*

23 ಫೆಬ್ರವರಿ, ಭಾನುವಾರ

ಅವ್ವ,

ನಿನ್ನ ಕಾಗದ ನಾಲ್ಕು ಫೋಟೊ ಆಗಿ ಬಂತು. ನಾಲ್ಕರಲ್ಲೂ ಬೈಗುಳ. ಐದನೆಯದರಲ್ಲಿ 'ಊಟ ಮಾಡಿದೆಯಾ' ಅಂತ ಇರಬಹುದು ಅಂತ ಹುಡುಕಿದೆ, ಇರಲಿಲ್ಲ.

ಊಟ ಮಾಡಿದೆ. ದಿನಾ ಮಾಡುತ್ತೇನೆ. ಇಲ್ಲಿ ಆಲೂಗಡ್ಡೆ, ಕೋಸು, ಬೀಟ್‌ರೂಟಿನ ಕೆಂಪು ಸಾರು. ಉಪ್ಪು ಬಿಟ್ಟರೆ ಇನ್ನೇನೂ ಹಾಕುವುದಿಲ್ಲ. ನಿನ್ನ ಸೊಪ್ಪಿನ ಸಾರನ್ನು ಇವರ ಬಾಯಿಗೆ ಒಂದು ಸಲ ಹಾಕಿದರೆ ಯುದ್ಧ ಬಿಟ್ಟು ನಮ್ಮ ಮನೆ ಮುಂದೆ ತಟ್ಟೆ ಹಿಡಿದು ನಿಲ್ಲುತ್ತಾರೆ. ಹಿಮ ಮೊಣಕಾಲಿನ ತನಕ ಇದೆ. ಹಾಸ್ಟೆಲಿನಲ್ಲಿ ಇರುವುದೆಲ್ಲ ನನ್ನ ಹಾಗೆ ಹೊರದೇಶದ ಹುಡುಗಿಯರೇ, ಉಗಾಂಡದವರು, ಶ್ರೀಲಂಕಾದವರು. ನನ್ನ ಕೋಣೆಯಲ್ಲಿ ಬ್ರೆಂಡಾ ಅಂತ ಇದ್ದಾಳೆ, ಉಗಾಂಡದವಳು, ಗೊರಕೆ ಹೊಡೆಯುವುದರಲ್ಲಿ ಅಪ್ಪನನ್ನೂ ಮೀರಿಸಿದವಳು.

ಕೆಲಸ ಕ್ಯಾಂಟೀನಿನಲ್ಲೇ. ಬೆಳಿಗ್ಗೆ ಮುನ್ನೂರು ಜನಕ್ಕೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತೇನೆ, ಬೇಯಿಸುತ್ತೇನೆ, ಬಡಿಸುತ್ತೇನೆ. ಬಿಳಿ ಟೋಪಿ ಹಾಕಿಕೊಂಡಿರುವ ಫೋಟೊ ಜೊತೆಯಲ್ಲಿ ಕಳಿಸಿದ್ದೇನೆ. ನೋಡಿ ಸಮಾಧಾನ ಮಾಡಿಕೊ. ಪಂಕಜಮ್ಮನವರಿಗೂ ತೋರಿಸು, ಇನ್ನೊಂದು ಸಲ ನಗಲಿ.

ನಾನು ಓಡಿಬಂದವಳಲ್ಲ ಅವ್ವ. ನನ್ನನ್ನು ಆ ಗೇಟಿನಿಂದ ಹೊರಗೆ ಹಾಕಿದರು. ಎಂಟು ತಿಂಗಳು ಮನೆಯಲ್ಲಿ ಕೂತಿದ್ದಾಗ ಒಂದು ದಿನವೂ ನೀನು ಏನೂ ಅನ್ನಲಿಲ್ಲ. ಅದೇ ನನಗೆ ತಡೆಯಲು ಆಗುತ್ತಿರಲಿಲ್ಲ. ನೀನು ಆಗಲೇ ಬೈದಿದ್ದರೆ ಚೆನ್ನಾಗಿತ್ತು.

ಇನ್ನು ಮುಂದೆಯೂ ಕಾಗದದಲ್ಲೇ ಬರಿ, ಕೈಯಲ್ಲೇ. ಮೆಸೇಜು ಟೈಪ್ ಮಾಡಬೇಡ. ಯಾಕೆ ಅಂತ ಕೇಳಬೇಡ.

ಮಿತ್ರ

*

ಅಶೋಕಪುರಂ
1 ಮಾರ್ಚ್ 2025

ಮಿತ್ರ,

ಸುಳ್ಳಿ!

ಮುನ್ನೂರು ಜನಕ್ಕೆ ಒಬ್ಬಳೇ ಆಲೂಗಡ್ಡೆ ಹೆರೆದು, ಬೇಯಿಸಿ, ಬಡಿಸುತ್ತಾಳಂತೆ! ಇಪ್ಪತ್ತು ಜನಕ್ಕೆ ಅಡುಗೆ ಮಾಡಿದ ದಿನವೇ ನನ್ನ ಸೊಂಟ ಬಿದ್ದುಹೋಗುತ್ತದೆ. ಯಾರ ಕಿವಿಗೆ ಹೂವು ಮುಡಿಸಲು ಹೊರಟಿದ್ದೀಯ?

ಟೋಪಿ ಹಾಕಿದ ಫೋಟೊ ಕಳಿಸಿದೆಯಲ್ಲ, ನಾನು ಟೋಪಿ ನೋಡಲಿಲ್ಲ, ಕೈ ನೋಡಿದೆ. ದೊಡ್ಡದು ಮಾಡಿ ನೋಡಿದೆ. ಒಲೆ ಮುಂದೆ ನಿಲ್ಲುವವಳಿಗೆ ಮಣಿಕಟ್ಟಿನ ಮೇಲೆ ಸುಟ್ಟಿರುತ್ತದೆ, ಪಾತ್ರೆಯ ಅಂಚು ತಾಗಿ. ನನ್ನ ಕೈ ನೋಡಿ ಬೆಳೆದವಳು ನೀನು, ನಿನಗೆ ಹೇಳಬೇಕಾ? ನಿನ್ನ ಮಣಿಕಟ್ಟು ನುಣ್ಣಗಿದೆ. ಹೊಸದಾಗಿ ಸುಟ್ಟಿರುವುದು ಎಡಗೈ ಹೆಬ್ಬೆರಳು, ತೋರುಬೆರಳಿನ ತುದಿ. ಬೆಸುಗೆ ತಂತಿ ಹಿಡಿಯುವ ಬೆರಳು. ನಾಲ್ಕು ವರ್ಷ ಆ ಬೆರಳಿಗೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿದವಳು ನಾನು. ನನಗೇ ಟೋಪಿಯಾ?

ಏನು ಬೆಸುಗೆ ಹಾಕುತ್ತಿದ್ದೀಯ? ಯಾತಕ್ಕೆ?

ತಡೆಯಲಾರದೆ ಅಂತೋನನನ್ನು ಕೇಳಿದೆ. ಎರಡು ವರ್ಷದಿಂದ ಇಲ್ಲಿರುವುದರಿಂದ ಅವನಿಗೆ ಅಡುಗೆಮನೆ ಕನ್ನಡ ಬರುತ್ತದೆ, ನನಗೆ ಊಟದ ಟೇಬಲ್ಲಿನ ಇಂಗ್ಲಿಷು ಬರುತ್ತದೆ, ಎರಡೂ ಸೇರಿ ನಡೆಯುತ್ತದೆ. 'ನಿಮ್ಮ ದೇಶದಲ್ಲಿ ಅಡುಗೆಗೆ ಜನ ಇಲ್ವೇನಪ್ಪ, ನನ್ ಮಗಳನ್ನ ಕರ್ಕೊಂಡೋಗವ್ರೆ' ಅಂದೆ. ಅವನು ಚಮಚ ಕೆಳಗಿಟ್ಟ. ಅಡುಗೆಗೆ ಮಾತ್ರ ಅಲ್ಲ ಅಮ್ಮ, ಯಾವುದಕ್ಕೂ ಜನ ಇಲ್ಲ ಅಂದ. ಅವನೊಂದು ಫ್ಯಾಕ್ಟರಿಯಲ್ಲಿ ಕಬ್ಬಿಣ ಕೊರೆಯುವ ಮಿಲ್ಲಿಂಗ್ ಮೆಷಿನ್ ಸೆಟ್ ಮಾಡುತ್ತಿದ್ದನಂತೆ. ಅವನ ಶಿಫ್ಟಿನಲ್ಲಿ ಹದಿನೇಳು ಗಂಡಸರು. ಆರು ಜನ ಯುದ್ಧಕ್ಕೆ ಹೋದರು, ಐದು ಜನ ಇವನ ಹಾಗೆ ದೇಶ ಬಿಟ್ಟರು. ಈಗ ಆ ಮೆಷಿನ್ನುಗಳ ಮುಂದೆ ಪಿಂಚಣಿ ತೆಗೆದುಕೊಳ್ಳುತ್ತಿದ್ದ ಮುದುಕರನ್ನು ವಾಪಸ್ ಕರೆದು ನಿಲ್ಲಿಸಿದ್ದಾರೆ, ಹದಿನಾರು ವರ್ಷದ ಐಟಿಐ ಮಕ್ಕಳನ್ನು ನಿಲ್ಲಿಸಿದ್ದಾರೆ. ಜೈಲಿನಲ್ಲಿದ್ದವರು ಸೈನ್ಯಕ್ಕೆ ಹೋದರು. ಬಸ್ಸು ಓಡಿಸುವವರು ಬಸ್ಸು ಬಿಟ್ಟು ಬಂದೂಕಿನ ಫ್ಯಾಕ್ಟರಿಗೆ ಹೋದರು, ಅಲ್ಲಿ ಮೂರು ಪಟ್ಟು ಸಂಬಳ ಅಂತ. 'ಆದ್ರೂ ಸಾಕಾಗಲ್ಲ, ಸೋ ದೇ ಲುಕ್ ಫಾರ್ ಅವೇ, ಅಮ್ಮ' ಅಂದ. ದೂರ ನೋಡುತ್ತಾರಂತೆ. ದೂರ ನೋಡಿದಾಗ ಅಶೋಕಪುರಂನಲ್ಲಿ ನನ್ನ ಮಗಳು ಕಂಡಳು!

ನನಗೆ ಎಲ್ಲಿತ್ತೋ ಸಿಟ್ಟು. 'ನೀನು ಇಲ್ಲಿ ಕಾಲು ಮಡಚಿ ಕೂತು ಉಸಿರು ಎಳೀತಾ ಇದ್ದೀಯ, ನಿನ್ ಜಾಗಕ್ಕೆ ನನ್ ಮಗಳು ಹೋಗವ್ಳೆ' ಅಂದುಬಿಟ್ಟೆ. ಪೂರ್ತಿ ಕನ್ನಡದಲ್ಲೇ ಅಂದೆ. ಅವನಿಗೆ ಅರ್ಥವಾಯಿತು. ಅರ್ಧ ದೋಸೆ ತಟ್ಟೆಯಲ್ಲೇ ಬಿಟ್ಟು ಎದ್ದುಹೋದ.

ನೀನು ನಿಜ ಬರೆಯುವ ತನಕ ನಾನು ಬಿಡುವವಳಲ್ಲ.

ಮಂಚಮ್ಮ

*

20 ಏಪ್ರಿಲ್, ಭಾನುವಾರ

ಅವ್ವ,

ನೀನು ಮೂರು ಕಾಗದ ಬರೆದೆ, ನಾನು ಮೂರಕ್ಕೂ ಉತ್ತರ ಕೊಡಲಿಲ್ಲ. ಏಳು ವಾರ. ಏನು ಬರೆಯಲಿ ಅಂತ ಗೊತ್ತಾಗಲಿಲ್ಲ. ಇವತ್ತು ಬರೆಯುತ್ತೇನೆ, ನೀನು ನಿನ್ನ ಬಿ.ಪಿ. ಮಾತ್ರೆ ತೆಗೆದುಕೊಂಡು ಓದು.

ಹೌದು, ಬೆಸುಗೆ ಕೆಲಸವೇ. ಕ್ಯಾಂಟೀನಿಗೆ ಒಂಬತ್ತು ದಿನ ಹೋದೆ, ಆ ಫೋಟೊ ಆಗಿನದೇ ಅಂತ ಹೇಳಿದರೆ ಅದೂ ಸುಳ್ಳು. ಟೋಪಿ ಹಾಕಿಸಿ ಎಲ್ಲರದೂ ಫೋಟೊ ತೆಗೆಯುತ್ತಾರೆ, ಮನೆಗೆ ಕಳಿಸಿ ಅಂತ. ನನ್ನ ಬಯೊಡೇಟಾದಲ್ಲಿ ಹೆಬ್ಬಾಳದ ನಾಲ್ಕು ವರ್ಷ ಇತ್ತಲ್ಲ, ಹತ್ತನೇ ದಿನ ಬಂದು ಕರೆದುಕೊಂಡು ಹೋದರು. ದೊಡ್ಡ ಹಾಲ್, ಕಿಟಕಿಗಳಿಗೆಲ್ಲ ಬಿಳಿ ಬಣ್ಣ ಬಳಿದಿದ್ದಾರೆ. ಅಂಗೈಯಷ್ಟು ಬೋರ್ಡು, ಕೂದಲಿನಂಥ ತಂತಿ. ದಿನಕ್ಕೆ ನಲವತ್ತು. ಕೈ ನಡುಗದವರು ಬೇಕು ಅವರಿಗೆ, ಅವರ ಮುದುಕಿಯರಿಗೆ ಕೈ ನಡುಗುತ್ತದೆ.

ಯಾತಕ್ಕೆ ಅಂತ ಕೇಳಿದೆ. ಮೊದಲ ವಾರ ಯಾರೂ ಹೇಳಲಿಲ್ಲ. ಎರಡನೇ ವಾರ ಪಕ್ಕದ ಹಾಲಿನ ಬಾಗಿಲು ತೆರೆದಿತ್ತು, ನೋಡಿದೆ. ರೆಕ್ಕೆ ಇರುವವು, ಸಾಲಾಗಿ. ಮನುಷ್ಯರಿಲ್ಲದೆ ಹಾರಿ ಹೋಗಿ ಬಿದ್ದು ಸಿಡಿಯುವವು. ಡ್ರೋನು. ಸಾಕಾ?

ಈಗ ನೀನು ಕಿರುಚುತ್ತಿರುತ್ತೀಯ. ಕಿರುಚು. ಆದರೆ ನಾನೂ ಒಂದು ಮಾತು ಕೇಳುತ್ತೇನೆ. ಹೆಬ್ಬಾಳದಲ್ಲಿ ಬೋರ್ಡು ಮಾಡುವಾಗ ಅದು ಎಲ್ಲಿಗೆ ಹೋಗುತ್ತದೆ ಅಂತ ನೀನು ಕೇಳಿದ್ದೆಯಾ? ಕಂಟ್ರಾಕ್ಟರು ನನಗೆ ಕಾಫಿಗೆ ಎದ್ದು ಹೋಗಲೂ ಬಿಡುತ್ತಿರಲಿಲ್ಲ, ಇಲ್ಲಿ ಸೂಪರ್‌ವೈಸರ್ ಹೆಂಗಸು ನನ್ನ ಭುಜ ತಟ್ಟಿ 'ಒಳ್ಳೆ ಕೈ' ಅನ್ನುತ್ತಾಳೆ. ಜೀವಮಾನದಲ್ಲಿ ಮೊದಲನೇ ಸಲ ನಾನು ಬೇಕಾದವಳು ಅವ್ವ. ಹೀಗೆ ಅನ್ನಿಸಿದ್ದಕ್ಕೆ ನನಗೇ ಅಸಹ್ಯವಾಗುತ್ತದೆ, ಆದರೆ ಅನ್ನಿಸಿತು. ಇನ್ನು ನಿನ್ನ ಅಂತೋನ್ ದೊಡ್ಡ ಮನುಷ್ಯ, ಬಿಟ್ಟು ಬಂದ. ಅವನಿಗೆ ಬಿಟ್ಟು ಬರಲು ಒಂದು ಕಾಯಂ ಕೆಲಸ ಇತ್ತು. ಅವನಿಗೆ ದೋಸೆ ಹುಯ್ಯುತ್ತೀಯ, ನನಗೆ ಬೈಗುಳ.

ಕಾಗದದಲ್ಲೇ ಬರಿ ಅಂದದ್ದು ಯಾಕೆಂದರೆ ವಾರ್ಡನ್ ನಮ್ಮ ಫೋನುಗಳನ್ನು ನೋಡುತ್ತಾಳೆ. ಟೈಪ್ ಮಾಡಿದ್ದನ್ನು ಮೆಷಿನ್ನಿಗೆ ಹಾಕಿ ಅರ್ಥ ತಿಳಿದುಕೊಳ್ಳುತ್ತಾರೆ. ನಿನ್ನ ಕೈಬರಹ ಓದಲು ಅವರ ಮೆಷಿನ್ನಿಗೂ ಬರಲಿಲ್ಲ.

ಇನ್ನೊಂದು. ಒಂದು ಪತ್ರ ಕೊಟ್ಟಿದ್ದಾರೆ, ಮೂರು ಹಾಳೆ, ಪೂರ್ತಿ ರಷ್ಯನ್. ಸಂಬಳ ಜಾಸ್ತಿಯಾಗುವ ಪತ್ರ ಅಂತ ಸೂಪರ್‌ವೈಸರ್ ಹೇಳಿದಳು. ಏಪ್ರಿಲ್ ಮೂವತ್ತರೊಳಗೆ ಸಹಿ ಹಾಕಬೇಕು. ಬ್ರೆಂಡಾ ಹಾಕಿಯಾಯಿತು. ನಾನೂ ಹಾಕುತ್ತೇನೆ, ಇಂಥವು ಎಷ್ಟಕ್ಕೆ ಹಾಕಿಲ್ಲ. ನೀನೂ ನೋಡು ಅಂತ ಫೋಟೊ ಕಳಿಸಿದ್ದೇನೆ.

ಮಿತ್ರ

*

ಅಶೋಕಪುರಂ
24 ಏಪ್ರಿಲ್ 2025

ಮಿತ್ರ,

ಸಹಿ ಹಾಕಬೇಡ. ಮೊದಲು ಇದನ್ನು ಓದು: ಸಹಿ ಹಾಕಬೇಡ.

ನಿನ್ನ ಕಾಗದ ನೋಡಿ ಮೂರು ದಿನವೂ ಬುದ್ಧವಿಹಾರದ ಮುಂದೆ ಹೋಗಿ ನಿಂತೆ, ಒಳಗೆ ಹೋಗದೆ ವಾಪಸ್ ಬಂದೆ. ನಿಮ್ಮಪ್ಪ, ತಾವು ಕೆಲಸಕ್ಕಿದ್ದ ಮಿಲ್ಲು ಮುಚ್ಚಿಹೋದ ವರ್ಷವೂ, ನಗುನಗುತ್ತಾ ನಿನಗೆ ಆ ಹೆಸರು ಇಟ್ಟರು. ಅಶೋಕನ ಮಗಳು ಸಮುದ್ರ ದಾಟಿ ಬೋಧಿ ಸಸಿ ತೆಗೆದುಕೊಂಡು ಹೋದಳು, ನನ್ನ ಮಗಳೂ ದೂರ ಹೋಗುತ್ತಾಳೆ ಅಂತ. ಸದ್ಯ, ಇದನ್ನೆಲ್ಲ ನೋಡಲು ಅವರಿಲ್ಲ.

ಇವತ್ತು ಬೆಳಿಗ್ಗೆ ಆ ಮೂರು ಹಾಳೆಯ ಫೋಟೊ ಅಂತೋನನ ಮುಂದೆ ಹಿಡಿದೆ. ಅವನು ನಿದ್ದೆ ಇಲ್ಲದವನ ಹಾಗಿದ್ದ, ಕಣ್ಣು ಕೆಂಪಗಿತ್ತು. ತಿಂಡಿ ಬೇಡ ಅಂದ. ಆವತ್ತು ಬೈದದ್ದಕ್ಕೆ ಇನ್ನೂ ಮುನಿಸಿರಬೇಕು ಅಂದುಕೊಂಡೆ. ಆದರೂ ಫೋನು ಇಸಿದುಕೊಂಡು, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಮೂರು ಸಲ ಓದಿದ. ಆಮೇಲೆ ನಿಧಾನವಾಗಿ ಹೇಳಿದ. ಸಂಬಳ ಒಂದು ಸಾಲಿನಲ್ಲಿದೆ. ಉಳಿದದ್ದು ಇಷ್ಟು: ಇನ್ನು ಮೂರು ವರ್ಷ ನೀನು ಕೆಲಸ ಬಿಡುವ ಹಾಗಿಲ್ಲ. ಪಾಸ್‌ಪೋರ್ಟು ಅವರ ಹತ್ತಿರವೇ ಇರುತ್ತದೆ. ಅವರು ಹೇಳಿದ ಯಾವ ಊರಿಗೆ ಬೇಕಾದರೂ ನಿನ್ನನ್ನು ಕಳಿಸಬಹುದು, ಸೈನ್ಯದ ಕೈಕೆಳಗೂ ಕಳಿಸಬಹುದು. ಬಿಟ್ಟು ಹೊರಟರೆ ಜೈಲು.

ಸಂಬಳ ಜಾಸ್ತಿಯಾಗುವ ಪತ್ರವಂತೆ! ಇಂಥವು ಎಷ್ಟಕ್ಕೆ ಹಾಕಿಲ್ಲ ಅಂತೀಯಲ್ಲ, ಎದೆ ಒಡೆಯುತ್ತದೆ ಕಣೇ. ಹೆಬ್ಬಾಳದ ಕಂಟ್ರಾಕ್ಟರು ನಿಮ್ಮ ಸಂಬಳ ನುಂಗಿದ್ದಕ್ಕಿಂತ ದೊಡ್ಡ ದ್ರೋಹ ಇದು, ಓದದೆ ಸಹಿ ಹಾಕುವುದನ್ನು ಮೈಗೆ ಹತ್ತಿಸಿ ಕಳಿಸಿದ್ದು.

ಅಲ್ಲಿಂದ ನೇರ ನಿರಂಜನ್ ಆಫೀಸಿಗೆ ಹೋದೆ. ಎ.ಸಿ. ಹಾಕಿಕೊಂಡು ಕೂತಿದ್ದ. 'ನನ್ ಮಗಳ್ನ ಅಡ್ಗೆಗೆ ಅಂತೇಳಿ ಕರ್ಕೊಂಡೋಗ್ಬುಟ್ಟು ಬಾಂಬ್ ಮಾಡಿಸ್ತಾ ಇದ್ದೀಯೇನೋ ಮನೆಹಾಳ' ಅಂದೆ. 'ಏನಮ್ಮ ನೀವು, ಆಫೀಸಿಗೆ ಬಂದು ಹೀಗೆ ಕೂಗಾಡಿದ್ರೆ ಹೇಗೆ, ಎಲ್ಲಾ ಅವರೇ ಒಪ್ಪಿ ಹೋಗಿರೋದು, ನಮ್ಮ ಹತ್ರ ಪೇಪರ್ಸ್ ಇದೆ' ಅಂದ. ತೋರಿಸು ಅಂದರೆ ತೋರಿಸಲಿಲ್ಲ. ಹೊರಗೆ ಬೆಂಚಿನ ಮೇಲೆ ಒಂಬತ್ತು ಹುಡುಗಿಯರು ಕೂತಿದ್ದರು. ಅವರ ಮುಂದೆಯೇ ಇನ್ನೊಂದು ಸಲ ಕೂಗಿ ಹೇಳಿದೆ. ಇಬ್ಬರು ಎದ್ದು ಬಂದರು. ಏಳು ಜನ ನೆಲ ನೋಡುತ್ತಾ ಕೂತೇ ಇದ್ದರು.

ಪೊಲೀಸ್ ಸ್ಟೇಷನ್ನಿನಲ್ಲಿ 'ಮೇಜರ್ ಹುಡುಗಿ, ಸಹಿ ಹಾಕವ್ಳೆ, ನಾವೇನ್ ಮಾಡಾಕಾಯ್ತದೆ' ಅಂದರು. ಡಿ.ಸಿ. ಆಫೀಸಿಗೆ ಅರ್ಜಿ ಕೊಟ್ಟಿದ್ದೇನೆ. ನಾಳೆಯೂ ಹೋಗುತ್ತೇನೆ.

ನಿನ್ನನ್ನು ಕರೆದಾಗ ಹೀಗೆ ಹೇಳು ಅಂತ ಅಂತೋನ್ ಹೇಳಿಕೊಟ್ಟಿದ್ದಾನೆ: ಯಾ ನೆ ಸಗ್ಲಾಸ್ನ. ನಾನು ಒಪ್ಪುವುದಿಲ್ಲ ಅಂತ ಅರ್ಥ. ಹತ್ತು ಸಲ ಬಾಯಿಪಾಠ ಮಾಡು. ಕೆಳಗೆ ಅವನೇ ಅವರ ಅಕ್ಷರದಲ್ಲೂ ಬರೆದಿದ್ದಾನೆ, ಸಹಿಯ ಜಾಗದಲ್ಲಿ ಅದನ್ನು ನೋಡಿಕೊಂಡು ಬರಿ.

ಭಾನುವಾರ ಫೋನು ಕೊಟ್ಟ ತಕ್ಷಣ ಇದನ್ನು ನೀನು ನೋಡಬೇಕು. ನೋಡುವ ತನಕ ನನಗೆ ಅನ್ನ ಇಳಿಯುವುದಿಲ್ಲ.

ಅವ್ವ

*

1 ಜೂನ್, ಭಾನುವಾರ

ಅವ್ವ,

ಬದುಕಿದ್ದೇನೆ. ಐದು ವಾರ ಫೋನು ಕೊಡಲಿಲ್ಲ. ಇವತ್ತು ಕೊಟ್ಟರು. ನಿನ್ನ ಹದಿನೊಂದು ಕಾಗದ ಒಟ್ಟಿಗೇ ಬಂದವು. ಓದುತ್ತಾ ಅತ್ತೆ, ಮಧ್ಯೆ ಮಧ್ಯೆ ನಕ್ಕೆ. ಡಿ.ಸಿ. ಆಫೀಸಿನ ಗುಮಾಸ್ತನಿಗೆ ನೀನು ಬೈದದ್ದನ್ನು ಬ್ರೆಂಡಾಗೆ ಇಂಗ್ಲಿಷಿನಲ್ಲಿ ಹೇಳಲು ಹೋಗಿ ಸೋತೆ.

ನಡೆದದ್ದು ಹೇಳುತ್ತೇನೆ. ಏಪ್ರಿಲ್ ಇಪ್ಪತ್ತೇಳಕ್ಕೆ ನಿನ್ನ ಕಾಗದ ಓದಿದೆ. ಮಾರನೇ ದಿನ ಆಫೀಸಿಗೆ ಕರೆದರು. ಒಬ್ಬ ಹೆಂಗಸು ಪತ್ರ ಮುಂದಿಟ್ಟಳು. 'ಯಾ ನೆ ಸಗ್ಲಾಸ್ನ' ಅಂದೆ. ಅವಳು ಪೆನ್ನು ಕೆಳಗಿಟ್ಟು ನಕ್ಕಳು. ಕೋಪ ಮಾಡಿಕೊಂಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಬೀರುವಿನಿಂದ ಒಂದು ಫೈಲು ತೆಗೆದಳು. ಅದರಲ್ಲಿ ಅದೇ ಮೂರು ಹಾಳೆ. ಕೊನೆಯಲ್ಲಿ ನನ್ನ ಸಹಿ. ಸಹಿಯ ಕೆಳಗೆ ಪೆನ್ಸಿಲಿನ ಇಂಟು ಗುರುತು, ಅಳಿಸಲೂ ಇಲ್ಲ.

ಸರಸ್ವತಿಪುರಂ ಆಫೀಸಿನಲ್ಲಿ ಹಾಕಿದ್ದು ಅವ್ವ. ನಿರಂಜನ್ ಒಂದು ಕಟ್ಟು ಕಾಗದ ಕೊಟ್ಟು, ಗುರುತಿರುವ ಕಡೆಯೆಲ್ಲ ಹಾಕಿಬಿಡಮ್ಮ ಅಂದಿದ್ದ. ಇಪ್ಪತ್ತೆರಡು ಸಹಿ. ನಾನೇ ಬೇಗ ಮುಗಿಸಿದವಳು ಅಂತ ಹೊಗಳಿದ್ದ. ಇವರು ಈಗ ಮತ್ತೆ ಹಾಕಿಸಿಕೊಳ್ಳುತ್ತಿದ್ದದ್ದು ಸುಮ್ಮನೆ ಶಾಸ್ತ್ರಕ್ಕೆ.

ವಾಪಸ್ ಬಂದು ನನ್ನ ಟೇಬಲ್ಲಿನ ಮುಂದೆ ಕೂತೆ. ಬೆಸುಗೆ ಕಡ್ಡಿ ಕಾಯುತ್ತಿತ್ತು. ನನಗೆ ನನ್ನ ಮೇಲೇ ಎಂಥಾ ಸಿಟ್ಟು ಬಂತು ಅಂದರೆ, ಕೈ ಎರಡೂ ತೊಡೆಯ ಮೇಲೆ ಇಟ್ಟುಕೊಂಡೆ, ಎತ್ತಲಿಲ್ಲ. ಸೂಪರ್‌ವೈಸರ್ ಬಂದಳು, ಕೂಗಿದಳು. ಎತ್ತಲಿಲ್ಲ. ಮಧ್ಯಾಹ್ನ ಪೊಲೀಸು ಅಂದಳು. ಎತ್ತಲಿಲ್ಲ. ಸಂಜೆ ಹೊತ್ತಿಗೆ ನನಗೊಂದು ವಿಷಯ ಹೊಳೆಯಿತು. ಹೆಬ್ಬಾಳದಲ್ಲಿ ನಾನು ಹೀಗೆ ಹತ್ತು ನಿಮಿಷ ಕೂತಿದ್ದರೆ ಗೇಟಿನ ಹೊರಗೆ ನಿಂತಿರುವ ಐವತ್ತು ಹುಡುಗಿಯರಲ್ಲಿ ಒಬ್ಬಳನ್ನು ತಂದು ಕೂರಿಸುತ್ತಿದ್ದರು. ಇಲ್ಲಿ ಗೇಟಿನ ಹೊರಗೆ ಯಾರೂ ಇಲ್ಲ. ಇವರ ಗಂಡಸರೆಲ್ಲ ಯುದ್ಧಕ್ಕೆ ಹೋದರು, ನನ್ನ ಕುರ್ಚಿಗೆ ಕೂರಿಸಲು ಇವರ ಹತ್ತಿರ ಜನ ಇಲ್ಲ. ಆಗ ಹೆದರಿಕೆ ಹೋಯಿತು.

ಮಾರನೇ ದಿನ ಬ್ರೆಂಡಾ ಕೈ ಇಳಿಸಿದಳು. ಮೂರನೇ ದಿನಕ್ಕೆ ಹತ್ತೊಂಬತ್ತು ಜನ. ಎಲ್ಲರಿಗೂ ನಿನ್ನ ವಾಕ್ಯ ಹೇಳಿಕೊಟ್ಟೆ. ಫೋನು ಕಿತ್ತುಕೊಂಡರು, ಒಂದು ಹೊತ್ತು ಊಟ ನಿಲ್ಲಿಸಿದರು, ಹೊರಗೆ ಹೋಗುವ ಬಾಗಿಲಿಗೆ ಬೀಗ ಹಾಕಿದರು. ಹದಿನೈದು ದಿನ ಕಳೆದ ಮೇಲೆ ದೊಡ್ಡವರೊಬ್ಬರು ಬಂದು, ಕೆಲಸ ಮಾಡುವವರಿಗೆ ದುಪ್ಪಟ್ಟು ಸಂಬಳ, ಹೋಗುವವರು ಹೋಗಿ ಸಾಯಲಿ ಅಂದರು. ಹದಿನಾಲ್ಕು ಜನ ದುಪ್ಪಟ್ಟಿಗೆ ವಾಪಸ್ ಕೂತರು. ಬ್ರೆಂಡಾನೂ. ಅವಳ ಮನೆಯಲ್ಲಿ ತಿನ್ನುವ ಬಾಯಿ ಎಂಟು, ನಾನು ಏನು ಅನ್ನಲಿ? ಅವಳ ಜೊತೆ ಜಗಳವಾಡಿದೆ, ಒಂದೇ ಕೋಣೆಯಲ್ಲಿದ್ದೂ ಮಾತು ಬಿಟ್ಟಿದ್ದೆವು, ಇವತ್ತು ನಿನ್ನ ಕಾಗದ ಬಂದ ಮೇಲೆ ಮತ್ತೆ ಮಾತಾಡಿದೆವು.

ಉಳಿದ ಐದು ಜನರ ಪಾಸ್‌ಪೋರ್ಟು ನಿನ್ನೆ ಮೇಜಿನ ಮೇಲೆ ಬಿಸಾಕಿದರು. ನಮ್ಮನ್ನು ಜೈಲಿಗೆ ಹಾಕಿದರೆ ವಾಪಸ್ ಕೂತವರೂ ಮತ್ತೆ ಕೈ ಇಳಿಸುತ್ತಾರೆ ಅನ್ನುವ ಹೆದರಿಕೆ ಅವರಿಗೆ. ಬಾಕಿ ಸಂಬಳ ಇಲ್ಲ, ಅದರಲ್ಲೇ ಟಿಕೆಟ್ಟು. ಜೂನ್ ಹದಿಮೂರು, ಶುಕ್ರವಾರ ಬೆಳಿಗ್ಗೆ ಬೆಂಗಳೂರು. ಅಲ್ಲಿಂದ ಬಸ್ಸು ಹಿಡಿದು ಬರುತ್ತೇನೆ.

ಗೆದ್ದೆ ಅವ್ವ! ಮೊದಲನೇ ಸಲ ಒಂದು ಫ್ಯಾಕ್ಟರಿಯನ್ನು ಗೆದ್ದೆ. ಬೇಳೆ ನೆನೆಹಾಕು, ಮಸ್ಸೊಪ್ಪು ಮಾಡು.

ನಿನ್ನ ಮಿತ್ರ

*

ಅಶೋಕಪುರಂ
5 ಜೂನ್ 2025

ಮಿತ್ರ,

ನಿನ್ನ ಕಾಗದ ಓದಿ ಬೀದಿಗೆಲ್ಲ ಕೇಳುವ ಹಾಗೆ ಕೂಗಿಕೊಂಡೆ. ಸಂಘದ ಹೆಂಗಸರೆಲ್ಲ ಬಂದರು, ಮೂರು ಸಲ ಓದಿಸಿದರು. ಮಗಳೇ, ನೀನು ಕೈ ಎತ್ತದೆ ಕೂತೆಯಲ್ಲ, ಆ ಜಾಗವನ್ನು ನಾನೊಬ್ಬಳೇ ಇನ್ನೊಂದು ಸಲ ಓದಿಕೊಂಡೆ. ಅದನ್ನು ಕೇಳಲು ನಿನ್ನ ಅಪ್ಪ ಇರಬೇಕಿತ್ತು.

ನಿನ್ನೆ ಸಂತೋಷದಲ್ಲಿ ಗೋಕುಲಂಗೆ ಹೋಗುವಾಗ ಒಂದು ಕೇಜಿ ಮೈಸೂರು ಪಾಕು ಕಟ್ಟಿಸಿಕೊಂಡು ಹೋದೆ, ಅಂತೋನನಿಗೆ ಕೊಡಲು. ಕೆಳಗೆ ಪಂಕಜಮ್ಮನವರು ತಡೆದು, 'ಈಗ ಸಿಹಿ ಕೊಡಬೇಡ ಮಂಚಮ್ಮ, ಪಾಪ, ಅವನ ಮನೇಲಿ ಸಾವಾಗಿದೆ, ನಿನಗೆ ಗೊತ್ತಿಲ್ವೆ' ಅಂದರು. ಯಾರು ಅಂದೆ. ಅವನ ತಾಯಿಯ ತಂಗಿಯಂತೆ. ಗಡಿಯ ಆಚೆ ಇದ್ದವಳು, ಇವರು ಯಾರ ಮೇಲೆ ಯುದ್ಧ ಮಾಡುತ್ತಿದ್ದಾರೋ ಆ ದೇಶದಲ್ಲಿ. ಬೆಳಗಿನ ಜಾವ ಅವಳಿದ್ದ ಮಹಡಿಯ ಮೇಲೆ ಡ್ರೋನು ಬಿತ್ತು. ಯಾವತ್ತು ಅಂದೆ. ಏಪ್ರಿಲ್ ಇಪ್ಪತ್ಮೂರು ಅಂದರು.

ಇಪ್ಪತ್ನಾಲ್ಕರ ಬೆಳಿಗ್ಗೆ ನಾನು ನಿನ್ನ ಮೂರು ಹಾಳೆ ಅವನ ಮುಂದೆ ಹಿಡಿದದ್ದು.

ಮೇಲೆ ಹೋದೆ. ಅವನು ಪಾತ್ರೆ ತೊಳೆಯುತ್ತಿದ್ದ. 'ಯಾಕಪ್ಪ ನಂಗೆ ಹೇಳ್ಲಿಲ್ಲ' ಅಂತ ಕೇಳಿದೆ. ಕೈ ಒರೆಸಿಕೊಂಡು, 'ನೀವು ಪತ್ರ ಓದೋಕೆ ಕೇಳಿದ್ರಿ, ಅಮ್ಮ' ಅಂದ. ಇಷ್ಟೇ. ನೀನು ಏನು ಕೆಲಸ ಮಾಡುತ್ತಿದ್ದೀಯ ಅಂತ ಆವತ್ತೇ ಅವನಿಗೆ ಗೊತ್ತಿತ್ತು, ನಾನೇ ಹೇಳಿದ್ದೆ. ಬೇಸಿಗೆ ರಜೆಯಲ್ಲೆಲ್ಲ ಅವನನ್ನು ಸಾಕಿದವಳು ಆ ಚಿಕ್ಕಮ್ಮ ಅಂತ ಪಂಕಜಮ್ಮನವರು ಹೇಳಿದರು. ನನ್ನ ಹತ್ತಿರ ಅವನು ಅದನ್ನೂ ಹೇಳಲಿಲ್ಲ.

ಅದು ನೀನು ಮಾಡಿದ ಬೋರ್ಡೋ, ಬ್ರೆಂಡಾ ಮಾಡಿದ್ದೋ, ಯಾವ ಮುದುಕಿ ಮಾಡಿದ್ದೋ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ರಾತ್ರಿ ಕೂತು ಲೆಕ್ಕ ಹಾಕಿದೆ. ಎರಡು ತಿಂಗಳ ಮೇಲೆ, ದಿನಕ್ಕೆ ನಲವತ್ತು.

ಇಷ್ಟು ದಿನ ನಾನು ಕಂಡಕಂಡವರ ಮೇಲೆ ಕೂಗಾಡಿದೆ. ಕಂಟ್ರಾಕ್ಟರು, ನಿರಂಜನ್, ಪೊಲೀಸು, ಗುಮಾಸ್ತ, ಅಂತೋನ್, ನೀನು. ನನ್ನ ಮಗಳಿಗೆ ಮೋಸವಾಯಿತು, ನನ್ನ ಮಗಳು ಸಿಕ್ಕಿಕೊಂಡಳು ಅಂತಲೇ ಕೂಗಿದೆ. ನೀನು ಮಾಡಿ ಕಳಿಸಿದ್ದು ಯಾರ ತಲೆಯ ಮೇಲೆ ಬೀಳುತ್ತದೆ ಅಂತ ಒಂದು ಕಾಗದದಲ್ಲೂ ನಾನು ಕೇಳಲಿಲ್ಲ. ನೀನೂ ಬರೆಯಲಿಲ್ಲ. ಗೆದ್ದೆ ಅಂತ ಬರೆದೆ. ಗೆದ್ದದ್ದು ನಿಜ, ಅದನ್ನು ನಾನು ಕಿತ್ತುಕೊಳ್ಳುವುದಿಲ್ಲ. ಆದರೆ ನಾವಿಬ್ಬರೂ ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದಿದ್ದೇವೆ ಮಿತ್ರ, ಈ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ ಅಂತ ನನಗೆ ತಿಳಿಯುತ್ತಿಲ್ಲ.

ಶುಕ್ರವಾರ ಬಾ. ಸ್ನಾನ ಮಾಡು, ಹೊಟ್ಟೆ ತುಂಬ ಊಟ ಮಾಡು, ಮಲಗು. ಯಾರೂ ನಿನ್ನನ್ನು ಏನೂ ಕೇಳದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಶನಿವಾರ ಬೆಳಿಗ್ಗೆ ನನ್ನ ಜೊತೆ ಗೋಕುಲಂಗೆ ಬರುತ್ತೀಯ. ಮೆಟ್ಟಿಲು ಹತ್ತಿದರೆ ಎಡಗಡೆ ಬಾಗಿಲು. ಅವನೇ ತೆಗೆಯುತ್ತಾನೆ. ನಾನು ಅಡುಗೆಮನೆಗೆ ಹೋಗಿಬಿಡುತ್ತೇನೆ, ನಿನ್ನ ಪಕ್ಕ ನಿಲ್ಲುವುದಿಲ್ಲ. ಏನು ಹೇಳಬೇಕು ಅಂತ ನಾನು ಹೇಳಿಕೊಡುವುದಿಲ್ಲ, ನನಗೂ ಗೊತ್ತಿಲ್ಲ. ಹೇಳದೆ ಕೆಳಗೆ ಇಳಿಯಬೇಡ.

ನಿನ್ನ ಅವ್ವ,
ಮಂಚಮ್ಮ